ಆಟೋದೊಳಗಿನ ಶಂಕರಣ್ಣ

ಪ್ರಶ್ನೆ: ಮೇಡಂ, ಹಾವೇರಿಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಪೀಣ್ಯದಲ್ಲಿ ಕೆಲಸ. ಮನಸ್ಸು ಬಿಚ್ಚಿ ಮಾತಾಡೋಕೆ ಒಬ್ಬರೂ ಇಲ್ಲ. ಸಿನಿಮಾ, ಕ್ರಿಕೆಟ್ ಅಂತ ಮಾತು ತೆಗೆದರೆ ಅದು ಬರೀ ಕಾಡುಹರಟೆ ಆಗುವುದಿಲ್ಲವೇ?
— ಓದುಗ, ದಾಸರಹಳ್ಳಿ

ಉತ್ತರ: ಇಲ್ಲಪ್ಪ, ಖಂಡಿತ ಇಲ್ಲ. ಎರಡು ವರ್ಷದ ಹಿಂದೆ, ಜೋರು ಮಳೆಯಲ್ಲಿ ಮಲ್ಲೇಶ್ವರದಿಂದ ಗಾಂಧಿ ಬಜಾರಿಗೆ ಆಟೋ ಹತ್ತಿದ್ದೆ. ಮೀಟರ್ ಪಕ್ಕದಲ್ಲಿ ಶಂಕರ್‌ನಾಗ್ ಫೋಟೊ, ಅದಕ್ಕೊಂದು ಮೊಳ ಕನಕಾಂಬರ. ಅಂಚೆಲ್ಲ ಹಳದಿಗಟ್ಟಿತ್ತು. 1980ರ ‘ಆಟೋ ರಾಜ’ದಲ್ಲಿ ಚಾಲಕನಾಗಿ ನಟಿಸಿದ ಮೇಲೆ ಈ ಊರಿನ ಆಟೋದವರಿಗೆ ಅವರು ಮನೆಯವರೇ ಆಗಿಬಿಟ್ಟರು, ಎಷ್ಟೋ ಸ್ಟ್ಯಾಂಡ್‌ಗಳಿಗೆ ಇವತ್ತಿಗೂ ಅವರದೇ ಹೆಸರು.

“ಯಾರು ಹಾಕಿದ್ದು ಇದನ್ನ?” ಅಂದೆ. ಅಲ್ಲಿವರೆಗೆ ತುಟಿ ಬಿಚ್ಚದಿದ್ದ ಮನುಷ್ಯ ಹೇಳಿದರು: “ನಮ್ಮಪ್ಪ, ಮೇಡಂ. ಅವರೂ ಆಟೋ ಓಡಿಸ್ತಿದ್ರು. ತೊಂಬತ್ತರಲ್ಲಿ ದಾವಣಗೆರೆ ಹತ್ರ ಆಕ್ಸಿಡೆಂಟ್‌ನಲ್ಲಿ ಶಂಕರಣ್ಣ ಹೋದ್ರಲ್ಲ, ಅವತ್ತು ಗಾಡಿ ತೆಗೀಲೇ ಇಲ್ಲ. ನಾನು ಚಿಕ್ಕವನು, ಅಪ್ಪ ಅತ್ತಿದ್ದು ಅದೇ ಮೊದಲು ನೋಡಿದ್ದು.” ಮೀಟರ್ ನಿಲ್ಲಿಸಿ, ನಮ್ಮ ಗೇಟಿನ ಮುಂದೆ ಹತ್ತು ನಿಮಿಷ ಅಪ್ಪನ ಬಗ್ಗೆಯೇ ಮಾತಾಡಿದರು. ನಾನೂ ನಮ್ಮಪ್ಪನ ಬಗ್ಗೆ ಹೇಳಿದೆ. ಈಗ ನನ್ನ ತಾಯಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದು ಅವರೇ.

ಒಂದೇ ಒಂದು ಮಾತು: ನಿಮಗೆಷ್ಟು ಗೊತ್ತು ಅಂತ ತೋರಿಸೋಕೆ ಹೋಗಬೇಡಿ, ಕೇಳಿ. ಪಕ್ಕದ ಮಷಿನ್‌ನವರು ಊಟದ ಹೊತ್ತಲ್ಲಿ ಯಾವುದಾದರೂ ಹಾಡು ಗುನುಗಿದರೆ, ಅದನ್ನು ಮೊದಲು ಎಲ್ಲಿ ಕೇಳಿದ್ದು ಅಂತ ಕೇಳಿ. ಏನಂದರು ಅಂತ ನನಗೂ ಬರೆಯಿರಿ.