ದೊಡ್ಡ ನಗರದಲ್ಲಿ ಸೆಕೆಂಡ್ ಹ್ಯಾಂಡ್, ವಿಂಟೇಜ್ ಬಟ್ಟೆ ಕೊಳ್ಳುವಾಗ ಏನೇನು ನೋಡಬೇಕು?

ನೀವು ಕೇಳಿದ್ದು ಇಷ್ಟು: ದೊಡ್ಡ ನಗರಕ್ಕೆ ಹೊಸಬರು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯ ಬಟ್ಟೆ, ಸಾಧ್ಯವಾದರೆ ನಿಜವಾದ ವಿಂಟೇಜ್, ಅಂದರೆ ಹಳೆಯ ಕಾಲದ ಬಟ್ಟೆ, ಕೊಳ್ಳುವ ಆಸೆ. ಆದರೆ ತಂದ ಎರಡರಲ್ಲಿ ಒಂದು ಮೊದಲ ಒಗೆತಕ್ಕೇ ಹರಿಯಿತು, ಇನ್ನೊಂದು ಸೈಜ್ ಸರಿಯಿದ್ದರೂ ಮೈಗೆ ಹಿಡಿಸಲಿಲ್ಲ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು?

ಬಟ್ಟೆ ಎಷ್ಟು ಹಳೆಯದು, ಯಾವ ಬ್ರ್ಯಾಂಡ್ ಎಂದು ನೋಡುವ ಮೊದಲು ಅದಕ್ಕೆ ಇನ್ನೆಷ್ಟು ಆಯಸ್ಸು ಉಳಿದಿದೆ ಎಂದು ನೋಡಿ. ಚೆನ್ನಾಗಿ ಇಟ್ಟ ಐವತ್ತು ವರ್ಷದ ಉಣ್ಣೆ ಕೋಟು ಇನ್ನೂ ದಶಕಗಟ್ಟಲೆ ಬಾಳುತ್ತದೆ. ಹತ್ತೇ ವರ್ಷದ ನಕಲಿ ಚರ್ಮದ ಜಾಕೆಟ್ ಒಮ್ಮೆಯೂ ತೊಡದೆ ಪುಡಿಯಾಗಿರಬಹುದು. ಇದನ್ನು ಅಂಗಡಿಯಲ್ಲೇ, ಐದು ನಿಮಿಷದಲ್ಲಿ, ಕೈಯಿಂದಲೂ ಬೆಳಕಿನಿಂದಲೂ ಕಂಡುಹಿಡಿಯಬಹುದು.

ಮೊದಲು ಅಂಗಡಿಗಳ ಮಾತು. ದತ್ತಿ ಸಂಸ್ಥೆಗಳು ನಡೆಸುವ ಅಂಗಡಿಗೆ ಹೆಚ್ಚಾಗಿ ಸುತ್ತಮುತ್ತಲ ಮನೆಗಳಿಂದ ಬಟ್ಟೆ ಬರುತ್ತದೆ. ಹಾಗಾಗಿ ಹಳೆಯ ಸಿರಿವಂತ ಬಡಾವಣೆಗಳ ಅಂಗಡಿಯಲ್ಲಿ ಉಣ್ಣೆ, ರೇಷ್ಮೆ, ಲಿನನ್ ಹೆಚ್ಚು. ವಿದ್ಯಾರ್ಥಿಗಳು ವಾಸಿಸುವ ಕಡೆ ಅಗ್ಗದ ಫ್ಯಾಷನ್ ಹೆಚ್ಚು. ವಿಂಟೇಜ್ ಅಂಗಡಿಯಲ್ಲಿ ಬಟ್ಟೆಯ ಜೊತೆಗೆ ಆರಿಸಿದವರ ಕಣ್ಣಿಗೂ ಹಣ ಕೊಡುತ್ತೀರಿ. ಕಲಿಯುವ ಹಂತದಲ್ಲಿ ಕೊಳ್ಳದಿದ್ದರೂ ಅಲ್ಲಿಗೆ ಹೋಗಿ ಒಳ್ಳೆಯ ಬಟ್ಟೆಯನ್ನು ಮುಟ್ಟಿ ನೋಡಿ, ಬೆರಳುಗಳಿಗೆ ಅಭ್ಯಾಸವಾಗಲಿ. ಕನ್ಸೈನ್‌ಮೆಂಟ್ ಅಂಗಡಿಯಲ್ಲಿ ಬಟ್ಟೆ ಮಾರಾಟವಾದ ಮೇಲಷ್ಟೇ ಮೂಲ ಒಡೆಯರಿಗೆ ಪಾಲು ಸಿಗುತ್ತದೆ. ವಾರಗಟ್ಟಲೆ ಮಾರಾಟವಾಗದ ಬಟ್ಟೆಗೆ ಬೆಲೆ ಇಳಿಸುವುದು ಅಲ್ಲಿ ಸಾಮಾನ್ಯ, ಯಾವಾಗ ಇಳಿಸುತ್ತಾರೆ ಎಂದು ಕೇಳಿ. ಬಯಲು ಸಂತೆಯಲ್ಲಿ ಚೌಕಾಸಿಗೆ ಅವಕಾಶವುಂಟು, ಆದರೆ ತೊಟ್ಟು ನೋಡಲು ಜಾಗವಿರುವುದಿಲ್ಲ, ವಾಪಸ್ ಕೊಡಲೂ ಆಗುವುದಿಲ್ಲ.

ಕಿಲೋ ಲೆಕ್ಕದಲ್ಲಿ ಮಾರುವ ಕಡೆ ತೂಕದ ಅಂದಾಜು ಇರಬೇಕು. ತೆಳು ರೇಷ್ಮೆ ಷರ್ಟು ಸುಮಾರು 100 ಗ್ರಾಂ, ಹತ್ತಿ ಟೀ ಷರ್ಟು 150ರಿಂದ 200, ಜೀನ್ಸ್ 600ರಿಂದ 800, ದಪ್ಪ ಉಣ್ಣೆ ಓವರ್‌ಕೋಟು ಒಂದೂವರೆಯಿಂದ ಎರಡು ಕಿಲೋ. ಅಂದರೆ ಅಲ್ಲಿ ರೇಷ್ಮೆ, ತೆಳು ಉಣ್ಣೆ ಸ್ವೆಟರ್, ಲಿನನ್ ಷರ್ಟು ಕೊಂಡರೆ ಲಾಭ. ಜೀನ್ಸ್, ಕೋಟುಗಳನ್ನು ಬಿಡಿಯಾಗಿ ಬೆಲೆ ಕಟ್ಟಿ ಮಾರುವ ಕಡೆ ಕೊಳ್ಳುವುದು ಮೇಲು. ಹೊಸ ಮಾಲು ಯಾವ ದಿನ ಹಾಕುತ್ತೀರಿ ಎಂದು ಅಂಗಡಿಯವರನ್ನೇ ಕೇಳಿ, ಆ ದಿನ ಬೆಳಿಗ್ಗೆ ಹೋಗಿ. ಕೋಟನ್ನು ಬೇಸಿಗೆಯಲ್ಲಿ ಹುಡುಕಿ.

ಹೋಗುವಾಗ ಮೈಗಂಟುವ ತೆಳು ಬಟ್ಟೆ ತೊಟ್ಟಿರಿ. ಟ್ರಯಲ್ ರೂಮ್ ಇಲ್ಲದಿದ್ದರೂ ಮೇಲೆಯೇ ತೊಟ್ಟು ನೋಡಬಹುದು. ಅಳತೆ ಟೇಪು, ಸಣ್ಣ ಟಾರ್ಚು ಜೊತೆಗಿರಲಿ. ನಿಮ್ಮಲ್ಲಿ ಚೆನ್ನಾಗಿ ಕೂರುವ ಒಂದು ಷರ್ಟು, ಒಂದು ಪ್ಯಾಂಟು, ಒಂದು ಕೋಟನ್ನು ನೆಲದ ಮೇಲೆ ಹರಡಿ ಅಳೆದು, ಆ ಅಂಕಿಗಳನ್ನು ಫೋನಿನಲ್ಲಿ ಬರೆದಿಡಿ. ಲೇಬಲ್ಲಿನ ಸೈಜನ್ನು ನಂಬಬೇಡಿ. ಅಮೆರಿಕದ ಹೆಂಗಸರ ಉಡುಪುಗಳಲ್ಲಿ 1950ರ ದಶಕದ 12 ಇಂದಿನ 12ಕ್ಕಿಂತ ಹಲವು ಸೈಜ್ ಚಿಕ್ಕದು. ಹತ್ತಿ, ಉಣ್ಣೆ ಬಟ್ಟೆ ಒಗೆದಾಗ ಕುಗ್ಗಿಯೂ ಇರಬಹುದು.

ಅಳೆಯಬೇಕಾದ ಜಾಗ: ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಡ್ಡಲಾಗಿ (ಅದರ ಎರಡರಷ್ಟು ಎದೆ ಸುತ್ತಳತೆ), ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳಿನ ಉದ್ದ. ಪ್ಯಾಂಟಿಗೆ ಸೊಂಟ, ಪೃಷ್ಠ, ತೊಡೆ, ಒಳಗಾಲಿನ ಉದ್ದ, ಸೊಂಟಪಟ್ಟಿಯಿಂದ ತೊಡೆಸಂದಿನವರೆಗಿನ ಉದ್ದ. ಈ ಕೊನೆಯದನ್ನು ಬಹಳ ಜನ ಅಳೆಯುವುದೇ ಇಲ್ಲ. ಹಳೆಯ ಪ್ಯಾಂಟುಗಳು ಹೊಕ್ಕುಳ ಹತ್ತಿರ ನಿಲ್ಲುವಂತೆ ಹೊಲಿದವು, ಅವನ್ನು ಕೆಳಗೆ ಜಾರಿಸಿ ತೊಟ್ಟರೆ ಎಲ್ಲ ಅಳತೆಯೂ ತಪ್ಪುತ್ತದೆ. ನಿಮ್ಮ ಎರಡನೆಯ ಬಟ್ಟೆ ಪ್ಯಾಂಟಾಗಿದ್ದರೆ ಕಾರಣ ಬಹುಶಃ ಇದೇ. ಮೈಯಳತೆಗಿಂತ ಷರ್ಟಿನ ಎದೆಸುತ್ತು 8ರಿಂದ 12 ಸೆಂಟಿಮೀಟರ್, ಸ್ವೆಟರ್ ಮೇಲೆ ತೊಡುವ ಕೋಟು 15 ಅಥವಾ ಹೆಚ್ಚು ಸಡಿಲವಿರಲಿ. ಎಳೆದರೆ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಕಂಡುಹಿಡಿದದ್ದೇ 1958ರಲ್ಲಿ. ದಿನಬಳಕೆಯ ಪ್ಯಾಂಟಿಗೆ ಬಂದದ್ದು ಅದೆಷ್ಟೋ ಆಮೇಲೆ. ಹಳೆಯ ನೇಯ್ಗೆ ಹಿಗ್ಗುವುದಿಲ್ಲ. ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸಾಲದು: ಕುಳಿತು, ಕುಕ್ಕರಗಾಲಲ್ಲಿ ಬಾಗಿ, ಎರಡೂ ಕೈ ಮುಂದೆ ಚಾಚಿ ನೋಡಿ.

ಟೈಲರ್ ಸರಿಮಾಡಬಲ್ಲದ್ದು ಯಾವುದು, ಮಾಡಲಾಗದ್ದು ಯಾವುದು ಎಂಬುದೂ ಗೊತ್ತಿರಲಿ. ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಸುವುದು, ತೋಳು ಗಿಡ್ಡ ಮಾಡುವುದು ಸುಲಭ. ಸಡಿಲ ಮಾಡಬೇಕಾದರೆ ಒಳಗೆ ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾರೆ ನೋಡಿ. ಹಳೆಯ ಪ್ಯಾಂಟಿನ ಹಿಂಬದಿ ಹೊಲಿಗೆಯಲ್ಲಿ ಎರಡು ಮೂರು ಸೆಂಟಿಮೀಟರ್ ಸಿಗುವುದುಂಟು. ಆದರೆ ಬಿಚ್ಚಿದ ಜಾಗದಲ್ಲಿ ಹಳೆಯ ಮಡಿಕೆಯ ಗೆರೆಯೂ ಮಾಸದ ಬಣ್ಣವೂ ಕಾಣಬಹುದು. ಕೋಟಿನ ಭುಜ ಹೊಂದದಿದ್ದರೆ ಅಲ್ಲೇ ಬಿಟ್ಟುಬನ್ನಿ. ಭುಜ ಬದಲಿಸುವುದೆಂದರೆ ತೋಳು, ಕಾಲರ್, ಅಸ್ತರು ಎಲ್ಲ ಬಿಚ್ಚಿ ಮತ್ತೆ ಕೂರಿಸುವ ಕೆಲಸ.

ಇನ್ನು ಆಯಸ್ಸಿನ ಪರೀಕ್ಷೆ. ನನ್ನ ಕ್ರಮ ಯಾವಾಗಲೂ ಒಂದೇ: ಮೂಗು, ಬೆಳಕು, ಬೆರಳು, ಆಮೇಲೆ ಜಿಪ್ಪು.

ಕಂಕುಳಿನ ಜಾಗವನ್ನು ಮೂಗಿನ ಹತ್ತಿರ ತನ್ನಿ. ಮುಗ್ಗಲು ವಾಸನೆಯಿದ್ದರೆ ಬೂಷ್ಟು ಹಿಡಿದಿರಬಹುದು. ಅಸ್ತರಿನ ಮೇಲೆ ಕಪ್ಪು ಚುಕ್ಕೆಗಳನ್ನೂ ಕಂಡರೆ ನಾನು ಕೊಳ್ಳುವುದಿಲ್ಲ. ಒಣ ಬಟ್ಟೆಯಲ್ಲಿ ಬೆವರಿನ ವಾಸನೆ ಅಡಗಿದ್ದು ಮೈಬಿಸಿ ತಗುಲಿದ ಕೂಡಲೇ ಏಳುತ್ತದೆ, ಅದರಲ್ಲೂ ಪಾಲಿಯೆಸ್ಟರಿನಲ್ಲಿ. ಅಂಗೈಯಲ್ಲಿ ಒಂದು ನಿಮಿಷ ಬಿಗಿಯಾಗಿ ಹಿಡಿದು ಮತ್ತೆ ಮೂಸಿ.

ಬಟ್ಟೆಯನ್ನು ದೀಪಕ್ಕೆ ಎದುರಾಗಿ ಎತ್ತಿ ಹಿಡಿಯಿರಿ, ಇಲ್ಲವೇ ಒಳಗಿನಿಂದ ಟಾರ್ಚು ಬಿಡಿ. ಪ್ಯಾಂಟಿನ ಕುಳಿತುಕೊಳ್ಳುವ ಭಾಗ, ಒಳತೊಡೆ, ಮೊಣಕೈ, ಕಾಲರಿನ ಮಡಿಕೆ ಸವೆದಿದ್ದರೆ ಅಲ್ಲೆಲ್ಲ ಬೆಳಕು ಹೆಚ್ಚು ತೂರುತ್ತದೆ. ಒಳತೊಡೆ ಸವೆದ ಜೀನ್ಸಿಗೆ ತೇಪೆ ಹಾಕಿದರೂ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ಉಣ್ಣೆಯಲ್ಲಿ ನುಸಿ ತಿಂದ ತೂತುಗಳೂ ಹೀಗೆಯೇ ಕಾಣುತ್ತವೆ. ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಉಣ್ಣೆ, ರೇಷ್ಮೆ, ತುಪ್ಪಳದ ಪ್ರೋಟೀನು ಅದರ ಆಹಾರ. ಕಾಲರಿನ ಕೆಳಗೆ, ಜೇಬಿನ ತಳದಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ಮರಳಿನಂಥ ಸಣ್ಣ ಕಾಳು ಅಥವಾ ಬಿಳಿ ಬಲೆಯ ಎಳೆ ಕಂಡರೆ ಹುಳು ಇನ್ನೂ ಜೀವಂತವಿರಬಹುದು. ಒಂದೆರಡು ಹಳೆಯ ತೂತಾದರೆ ರಫೂ ಮಾಡಿಸಬಹುದು, ನೇಯ್ಗೆ ದಪ್ಪವಿದ್ದರೆ ಗುರುತೂ ಉಳಿಯದು.

ಬೆರಳಿನ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಮೊದಲ ಬಟ್ಟೆ ಹರಿದದ್ದು ಇದಿಲ್ಲದೆ. ಒಳಗಿನ ಹೊಲಿಗೆಯ ಅಂಚನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಬಟ್ಟೆ ಸುಮ್ಮನಿರುತ್ತದೆ; ಜೀವ ಹೋದದ್ದು ಒಣ ಕಾಗದದಂತೆ ಚರಚರ ಎನ್ನುತ್ತದೆ. ಹಳೆಯ ಕಪ್ಪು ಹತ್ತಿ ಟೀ ಷರ್ಟುಗಳಲ್ಲಿ ಇದು ಹೆಚ್ಚು. ಕಪ್ಪು ಬಣ್ಣಕ್ಕೆ ಬಳಸುವ ಗಂಧಕದ ಡೈ ತೇವವಿರುವ ಕಡೆ ವರ್ಷಗಟ್ಟಲೆ ಇದ್ದಾಗ ನಿಧಾನವಾಗಿ ಗಂಧಕಾಮ್ಲವಾಗಿ ನಾರನ್ನು ತಿನ್ನುತ್ತದೆ. ಹೊರಗೆ ಹೊಸದರಂತೆ ಕಾಣುವ ಷರ್ಟು ನೀರಿಗೆ ಬಿದ್ದಾಗ ಚಿಂದಿಯಾಗುವುದು ಹೀಗೆ. 19ನೆಯ ಶತಮಾನದ ಕೊನೆಯ, 20ನೆಯದರ ಮೊದಲ ದಶಕಗಳ ರೇಷ್ಮೆಗೂ ಇಂಥದೇ ಗತಿ: ತೂಕ ಬರಲೆಂದು ತವರದ ಲವಣ ಹಾಕಿರುತ್ತಿದ್ದರು, ಅಂಥ ರೇಷ್ಮೆ ಮಡಿಕೆಯ ಗುಂಟ ಸೀಳುತ್ತಲೇ ಹೋಗುತ್ತದೆ. ಎರಡಕ್ಕೂ ಹೊಲಿಗೆಯ ಮದ್ದಿಲ್ಲ, ಸೂಜಿ ಚುಚ್ಚಿದ ಕಡೆ ಇನ್ನೊಂದು ಸೀಳು.

ನಕಲಿ ಚರ್ಮವನ್ನು ಉಗುರಿನಿಂದ ಒತ್ತಿ ನೋಡಿ. ಅಂಟಂಟಾಗಿದ್ದರೆ ಅಥವಾ ಹೊಪ್ಪಳೆ ಎದ್ದರೆ ಬೇಡ. ಅದರ ಮೇಲೆ ಹೆಚ್ಚಾಗಿ ಬಳಿಯುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಗಾಳಿಯ ತೇವದಿಂದಲೇ ಒಡೆಯುತ್ತದೆ, ತೊಡದೆ ಪೆಟ್ಟಿಗೆಯಲ್ಲಿಟ್ಟ ಬೂಟಿನ ಅಟ್ಟೆ ಪುಡಿಯಾಗುವುದೂ ಇದರಿಂದಲೇ. ಕೋಟಿನ ಭುಜದ ಮೆತ್ತೆ ಅಮುಕಿದಾಗ ಒಳಗೆ ಪುಡಿ ಸರಿದಂತಾದರೆ ಫೋಮ್ ಸತ್ತಿದೆ, ಇದನ್ನು ಬದಲಿಸಬಹುದು. ಎದೆಯ ಭಾಗದಲ್ಲಿ ಗುಳ್ಳೆ ಎದ್ದ ಕೋಟನ್ನು ಮಾತ್ರ ಬಿಡಿ: ಒಳಪದರವನ್ನು ಅಂಟಿನಿಂದ ಕೂರಿಸಿದ್ದು ಬಿಟ್ಟುಹೋಗಿದೆ, ಇಸ್ತ್ರಿಯಿಂದ ಅದು ಸರಿಹೋಗದು.

ಕಂಕುಳನ್ನು ಒಳಮೈ ಹೊರಗೆ ಮಾಡಿ ನೋಡಿ. ಬಿಳಿ ಹತ್ತಿಯ ಹಳದಿ ಕಲೆ ಬೆವರು ಮತ್ತು ಡಿಯೋಡರೆಂಟಿನ ಅಲ್ಯೂಮಿನಿಯಂ ಸೇರಿ ಆದದ್ದು. ಸೋಡಿಯಂ ಪರ್ಕಾರ್ಬೊನೇಟ್ (ಕ್ಲೋರಿನ್ ಇಲ್ಲದ ಬ್ಲೀಚ್ ಪುಡಿ) ಕಲಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬಹುಪಾಲು ಹೋಗುತ್ತದೆ. ಕ್ಲೋರಿನ್ ಬ್ಲೀಚ್ ಹಾಕಬೇಡಿ, ಹಳದಿ ಇನ್ನೂ ಗಾಢವಾಗಬಹುದು. ಪರ್ಕಾರ್ಬೊನೇಟ್ ಕ್ಷಾರೀಯವಾದ್ದರಿಂದ ಉಣ್ಣೆ, ರೇಷ್ಮೆಗೆ ಅದೂ ಬೇಡ. ರೇಷ್ಮೆಯ ಕಂಕುಳಲ್ಲಿ ಬಣ್ಣವೇ ಬದಲಾಗಿದ್ದರೆ ಅದು ಮರಳಿ ಬರುವುದಿಲ್ಲ.

ಜಿಪ್ಪನ್ನು ಐದಾರು ಸಲ ಪೂರ್ತಿ ಎಳೆಯಿರಿ. ಲೋಹದ ಜಿಪ್ಪು ಬಿಗಿಯಾಗಿದ್ದರೆ ಮೇಣದ ಬತ್ತಿ ಅಥವಾ ಪೆನ್ಸಿಲ್ ಸೀಸ ತಿಕ್ಕಿದರೆ ಸಾಕು. ಹಲ್ಲು ಉದುರಿದ್ದರೆ ಇಡೀ ಜಿಪ್ಪು ಬದಲಿಸಬೇಕು. ಆ ಕೂಲಿಯನ್ನೂ ಸೇರಿಸಿ ಬೆಲೆ ಲೆಕ್ಕ ಹಾಕಿ.

ವಿಂಟೇಜ್ ಎನ್ನುವುದಕ್ಕೆ ವಾಡಿಕೆಯ ಅರ್ಥ ಇಪ್ಪತ್ತು ವರ್ಷ ದಾಟಿದ್ದು. ಹೆಚ್ಚು ಬೆಲೆ ಕೇಳಿದಾಗ ವಯಸ್ಸನ್ನು ನೀವೇ ತಾಳೆ ನೋಡಿ. ಅಮೆರಿಕದಲ್ಲಿ ನಾರಿನ ಹೆಸರು, ಶೇಕಡಾ ಪ್ರಮಾಣವನ್ನು ಬಹುತೇಕ ಎಲ್ಲ ಬಟ್ಟೆಗಳ ಲೇಬಲ್ಲಿನಲ್ಲಿ ಹಾಕುವುದು ಕಡ್ಡಾಯವಾದದ್ದು 1960ರಲ್ಲಿ, ಒಗೆಯುವ ಸೂಚನೆ ಕಡ್ಡಾಯವಾದದ್ದು 1972ರಲ್ಲಿ. ಉಣ್ಣೆಯ ಉಂಡೆಯಂಥ ವುಲ್‌ಮಾರ್ಕ್ ಚಿಹ್ನೆ 1964ಕ್ಕೆ ಮೊದಲು ಇರಲಿಲ್ಲ. ‘ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು’ ಎಂದಿದ್ದರೆ 1990ಕ್ಕೆ ಹಿಂದಿನದು, ಚೆಕೊಸ್ಲೊವಾಕಿಯ ಎಂದಿದ್ದರೆ 1993ಕ್ಕೆ ಹಿಂದಿನದು. ಲೀವೈಸ್ ಜೀನ್ಸಿನ ಹಿಂಜೇಬಿನ ಪುಟ್ಟ ಕೆಂಪು ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರಿನ ಇ ಅಕ್ಷರ ದೊಡ್ಡದಾಗಿದ್ದರೆ (e ಬದಲು E) 1971ಕ್ಕೆ ಹಿಂದಿನದಿರಬಹುದು, ಆದರೆ ಹಳೆಯ ಮಾದರಿಯ ಮರುತಯಾರಿಕೆಗಳಲ್ಲೂ ಆ ದೊಡ್ಡ ಅಕ್ಷರವಿದೆ. ಟೀ ಷರ್ಟಿನ ತೋಳಂಚಿಗೆ ಒಂದೇ ಸಾಲು ಹೊಲಿಗೆ 1990ರ ದಶಕದ ಮಧ್ಯದವರೆಗೆ ಸಾಮಾನ್ಯವಾಗಿತ್ತು; ಅದನ್ನೂ ಇಂದು ನಕಲು ಮಾಡುತ್ತಾರೆ. ಹಾಗಾಗಿ ಲೇಬಲ್, ಜಿಪ್ಪು, ಹೊಲಿಗೆ, ಸವೆತ ಈ ನಾಲ್ಕೂ ಒಂದೇ ಕಾಲ ಹೇಳುತ್ತಿವೆಯೇ ನೋಡಿ. ಲೇಬಲ್ಲಿನ ಸುತ್ತ ಖಾಲಿ ಸೂಜಿ ತೂತುಗಳಿದ್ದರೆ ಅದನ್ನು ಬೇರೆ ಬಟ್ಟೆಯಿಂದ ತಂದು ಹೊಲಿದಿರಬಹುದು. ನೇರಳಾತೀತ ಟಾರ್ಚಿನಲ್ಲಿ ಹೊಳೆದರೆ ಹೊಸದು ಎಂಬ ಮಾತನ್ನು ನಂಬಬೇಡಿ: ಹೊಳೆಯುವ ವಸ್ತು ಇಂದಿನ ಡಿಟರ್ಜೆಂಟಿನಲ್ಲೂ ಇದೆ, ಹಳೆಯ ಬಟ್ಟೆಯನ್ನು ಅದರಲ್ಲಿ ಒಗೆದಿದ್ದರೂ ಹೊಳೆಯುತ್ತದೆ.

ಮನೆಗೆ ತಂದದ್ದನ್ನು ನೇರ ಬೀರುವಿಗೆ ಇಡಬೇಡಿ, ಹಾಸಿಗೆಯ ಮೇಲಂತೂ ಬೇಡವೇ ಬೇಡ. ತಿಗಣೆ ಬರುವ ದಾರಿ ಅದು. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಡಿ. ಬಿಸಿ ತಡೆಯುವ ಹತ್ತಿ, ಪಾಲಿಯೆಸ್ಟರ್ ಬಟ್ಟೆಯನ್ನು ಒಣಗಿದ್ದಾಗಲೇ ಡ್ರೈಯರಿನ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ ತಿರುಗಿಸಿದರೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಉಣ್ಣೆ, ರೇಷ್ಮೆಯನ್ನು ಗಾಳಿ ತೆಗೆದ ಚೀಲದಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿಡಿ: ತಿಗಣೆಗೆ ಕನಿಷ್ಠ ನಾಲ್ಕು ದಿನ, ನುಸಿಗೆ ಎರಡು ವಾರ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ, ಇಲ್ಲವಾದರೆ ಬಟ್ಟೆಯ ಮೇಲೇ ನೀರು ಕೂರುತ್ತದೆ.

ನುಸಿಗುಳಿಗೆಯ ವಾಸನೆ ಒಗೆದರೆ ಹೋಗದು. ಅದರಲ್ಲಿರುವ ನ್ಯಾಫ್ತಲೀನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಗಾಳಿಯಲ್ಲಿ ಆವಿಯಾಗಿಯೇ ಹೋಗಬೇಕು. ಬಿಸಿಲು ನೇರ ಬೀಳದ, ಗಾಳಿಯಾಡುವ, ಬೆಚ್ಚನೆಯ ಜಾಗದಲ್ಲಿ ಒಂದೆರಡು ವಾರ ತೂಗುಹಾಕಿ, ಜೇಬು ಹೊರಗೆ ಎಳೆದು, ಗುಂಡಿ ಬಿಚ್ಚಿ. ದಪ್ಪ ಕೋಟಾದರೆ ಇನ್ನೂ ಒಂದು ವಾರ ಹಿಡಿಯುತ್ತದೆ.