ಅಟ್ಟದ ಬಾವಲಿ ಹುಳದಿಂದ ಮಂಗನ ಕಾಯಿಲೆ ಬರುತ್ತಾ?

ತೀರ್ಥಹಳ್ಳಿ ಕಡೆ ಹಳೇ ಮನೆ, ಅಟ್ಟದಲ್ಲಿ ಬಾವಲಿ, ಕೆಳಗೆ ಜೇಡದಂಥ ಹುಳ ಬೀಳ್ತಿದೆ, ಮಂಗನ ಕಾಯಿಲೆ ಬರುತ್ತಾ ಅಂತ ಕೇಳಿದ್ದೀರಿ. ಮೊದಲು ಕಾಲು ಎಣಿಸಿ. ಆರು ಕಾಲು, ರೆಕ್ಕೆ ಇಲ್ಲ, ಪುಟ್ಟ ತಲೆ ಬೆನ್ನಿನ ಮೇಲೆ ಮಡಚಿಕೊಂಡಿದೆ ಅಂದರೆ ಅದು ಬಾವಲಿ ನೊಣ. ಬಾವಲಿಯ ರೋಮದೊಳಗೇ ಇದ್ದು ರಕ್ತ ಕುಡಿಯುತ್ತದೆ, ಕೆಳಗೆ ಬಿದ್ದರೆ ಜಾಸ್ತಿ ದಿನ ಬದುಕುವುದಿಲ್ಲ. ಇವುಗಳಲ್ಲಿ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಲವು ದೇಶಗಳಲ್ಲಿ ಸಿಕ್ಕಿದೆ, ನಿಜ. ಆದರೆ ಮನುಷ್ಯರನ್ನು ಕಚ್ಚುವುದು ತೀರಾ ಅಪರೂಪ.

ಎಂಟು ಕಾಲು, ಚಪ್ಪಟೆಯಾದ ಸುಕ್ಕುಗಟ್ಟಿದ ಮೈ ಇದ್ದರೆ ಉಣುಗು ಇರಬಹುದು, ಆಗ ಹುಷಾರಾಗಿರಿ. ಇವು ಗೋಡೆ ಬಿರುಕಿನಲ್ಲಿ ಅಡಗಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲವು, ಹಾಗಾಗಿ ಬಾವಲಿಯನ್ನು ಸುಮ್ನೆ ಓಡಿಸಿಬಿಟ್ಟರೆ ಹಸಿದ ಉಣುಗು ಕೆಳಗಿಳಿದು ಮಲಗಿದವರನ್ನೇ ಕಚ್ಚಬಹುದು.

ನಿಮ್ಮ ಭಯಕ್ಕೆ ಆಧಾರವೇ ಇಲ್ಲ ಅಂತ ನಾನು ಹೇಳಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್, ಕೀಟ ತಿನ್ನುವ ಒಂದು ಜಾತಿಯ ಬಾವಲಿಯಲ್ಲೂ ಬಾವಲಿ ನೆಲೆಯ ಉಣುಗಿನಲ್ಲೂ ಸಿಕ್ಕಿದ್ದು 1969ರಲ್ಲೇ ವರದಿಯಾಗಿದೆ. ಆದರೆ ಜನರಿಗೆ ಅದನ್ನು ಅಂಟಿಸುವುದು ಮುಖ್ಯವಾಗಿ ಕಾಡಿನ ತರಗೆಲೆಯಲ್ಲಿರುವ ಉಣುಗು, ಅಟ್ಟದ್ದಲ್ಲ. ದರಗು ತರಲು ಹೋಗುವಾಗ ಇರಬೇಕಾದ ಎಚ್ಚರವೇ ದೊಡ್ಡದು, ಅಲ್ವಾ?

ಹುಳವನ್ನು ಬರಿಗೈಲಿ ಹೊಸಕಬೇಡಿ. ಅಟ್ಟದ ಕೆಳಗೆ ಹಾಸಿಗೆ ಬೇಡ. ಮರಿಗಳಿರುವಾಗ ಸಂದಿ ಮುಚ್ಚಬೇಡಿ, ಪಾಪ, ಒಳಗೇ ಸಾಯುತ್ತವೆ. ಯಾರಿಗಾದರೂ ದಿಢೀರ್ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಉಣುಗು ಕಚ್ಚಿದ್ದನ್ನೂ ಬಾವಲಿ ಇರುವುದನ್ನೂ ಡಾಕ್ಟರಿಗೆ ಹೇಳಿ.