ತರಗತಿಯ ಜಗಳಕ್ಕೆ ಸಹಪಾಠಿಗಳೇ ಮಧ್ಯಸ್ಥರು

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಮಕ್ಕಳ ಸಣ್ಣಪುಟ್ಟ ಜಗಳ ಬಿಡಿಸುವುದರಲ್ಲೇ ಮಧ್ಯಾಹ್ನದ ಬಿಡುವು ಮುಗಿದುಹೋಗುತ್ತದೆ. ಒಂಬತ್ತನೆಯ ತರಗತಿಯ ಕೆಲವರಿಗೆ ಈ ಹೊಣೆ ಕೊಡೋಣವೆಂದರೆ, ಸಹೋದ್ಯೋಗಿಗಳು ‘ಅವರೇ ದರ್ಬಾರು ಶುರುಮಾಡುತ್ತಾರೆ’ ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಸಹೋದ್ಯೋಗಿಗಳ ಅನುಮಾನ ನಿರಾಧಾರವಲ್ಲ. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರನ ಅಧಿಕಾರವನ್ನೇ ಇನ್ನಷ್ಟು ಹಿಗ್ಗಿಸಿ ಕೊಟ್ಟರೆ ದರ್ಬಾರು ಖಂಡಿತ. ಆದರೆ ಮಧ್ಯಸ್ಥನಾದವನು ತೀರ್ಪು ಕೊಡುವುದಿಲ್ಲ, ಊರಿನ ಪಂಚಾಯ್ತಿಯಂತೆ ದಂಡವನ್ನೂ ಹಾಕುವುದಿಲ್ಲ. ನಮ್ಮ ದೇಶದ 2023ರ ಮಧ್ಯಸ್ಥಿಕೆ ಕಾಯ್ದೆ ಕೂಡ ಮಧ್ಯಸ್ಥನು ಯಾವ ಒಪ್ಪಂದವನ್ನೂ ಕಕ್ಷಿದಾರರ ಮೇಲೆ ಹೇರಬಾರದೆಂದೇ ಹೇಳುತ್ತದೆ. ಅದು ದೊಡ್ಡವರ ವ್ಯಾಜ್ಯಗಳಿಗಾಗಿ ಬಂದ ಕಾನೂನಾದರೂ ಆ ತತ್ತ್ವ ಶಾಲೆಗೂ ಸಲ್ಲುತ್ತದೆ. ಅಮೆರಿಕದ ಶಾಲೆಗಳಲ್ಲಿ 1980ರ ದಶಕದಿಂದ ಹರಡಿದ ಸಹಪಾಠಿ ಮಧ್ಯಸ್ಥಿಕೆಯ ತಿರುಳೂ ಇದೇ.

ಆಷಾಢದ ಮಳೆಯಲ್ಲಿ ಶಾಲೆಯ ಜಗುಲಿಯ ಮೇಲೆ ಒಣಗಲು ಬಿಚ್ಚಿಟ್ಟ ಕೊಡೆಗಳ ಪೈಕಿ ಒಂದರ ಕಡ್ಡಿ ಮುರಿದಿದೆ ಎಂದಿಟ್ಟುಕೊಳ್ಳಿ. ‘ನೀನೇ ತುಳಿದದ್ದು’ ಎಂದು ಒಬ್ಬಳು, ‘ದಾರಿಗೆ ಅಡ್ಡ ಇಟ್ಟವಳು ನೀನು’ ಎಂದು ಇನ್ನೊಬ್ಬಳು. ಶಿಕ್ಷಕರಾದ ನಾವು ‘ಯಾರು ಮಾಡಿದ್ದು?’ ಎಂದು ಕೇಳುತ್ತೇವೆ, ತಕ್ಷಣ ಇಬ್ಬರೂ ತಮ್ಮ ಪರ ಸಾಕ್ಷಿಗಳನ್ನು ಹುಡುಕಲು ಓಡುತ್ತಾರೆ. ತರಬೇತಾದ ವಿದ್ಯಾರ್ಥಿನಿ ಕೇಳಬೇಕಾದದ್ದು ‘ಏನಾಯಿತು, ಆಮೇಲೆ ನಿನಗೇನನ್ನಿಸಿತು?’ ಎಂದು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತನ್ನ ಮಾತಿನಲ್ಲಿ ಹೇಳುವಂತೆ ಮಾಡಿದಾಗ, ಜಗಳ ಕೊಡೆಯದ್ದಲ್ಲ, ಕಳೆದ ವಾರ ಬಸ್ಸಿನಲ್ಲಿ ಸೀಟು ಹಿಡಿದಿಡದೆ ಹೋದದ್ದರದು ಎಂಬುದು ಎಷ್ಟೋ ಸಲ ಹೊರಬೀಳುತ್ತದೆ. ಟೀಚರ್ ಮುಂದೆ ಬಾಯಿಗೆ ಬಾರದ ಆ ಸೀಟಿನ ವಿಚಾರ ಓರಗೆಯವಳ ಮುಂದೆ ಸಲೀಸಾಗಿ ಬರುತ್ತದೆ.

ಬರೀ ಜಾಣರನ್ನೇ ಆರಿಸಬೇಡಿ. ಹಿಂದಿನ ಬೆಂಚಿನ ತುಂಟನೊಬ್ಬನೂ ಇರಲಿ, ಜಗಳದ ಒಳಹೊರಗು ಅವನಿಗೆ ಗೊತ್ತು. ಮಧ್ಯಸ್ಥರು ಇಬ್ಬಿಬ್ಬರು ಜೊತೆಯಾಗಿ ಕೂರಲಿ, ಕೇಳಿದ್ದನ್ನು ಹೊರಗೆ ಆಡದಿರಲಿ, ನೀವು ಕಣ್ಣಳತೆಯ ದೂರದಲ್ಲಿರಿ. ಮುಖ್ಯವಾಗಿ, ಬರುವ ಇಬ್ಬರೂ ಸ್ವಇಚ್ಛೆಯಿಂದ ಬಂದಿರಬೇಕು.

ಹೊಡೆತ, ಜಾತಿನಿಂದನೆ, ಒಬ್ಬನನ್ನೇ ಗುರಿಯಾಗಿಸಿ ದಿನವೂ ಪೀಡಿಸುವುದು, ಇವನ್ನು ಮಾತ್ರ ಮಕ್ಕಳ ಕೈಗೆ ಕೊಡಲೇಬಾರದು. ಬಲಾಬಲ ಸಮವಿಲ್ಲದಲ್ಲಿ ರಾಜಿಯೆಂದರೆ ನೊಂದವನ ಬಾಯಿ ಮುಚ್ಚಿಸಿದಂತೆ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ನಿಮ್ಮ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಧ್ಯಸ್ಥ ಮಕ್ಕಳಿಗೂ ತಿಳಿಸಿಡಿ.

ಒಪ್ಪಂದವಾಯಿತೆಂದು ಅಲ್ಲಿಗೇ ಬಿಡದೆ, ಒಂದು ವಾರದ ನಂತರ ಮಧ್ಯಸ್ಥರು ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಲಿ. ಕೊಡೆಯ ಕಡ್ಡಿ ರಿಪೇರಿಯಾಯಿತೇ ಎಂಬುದನ್ನೂ ನೋಡಲಿ.